ಕನ್ನಡಿಯಾದ ಎರಡು ಶಾಫ್ಟು

ಬೆಟಗೇರಿಯ ನಮ್ಮ ವರ್ಕ್‌ಶಾಪಿನಲ್ಲಿ ಟ್ರ್ಯಾಕ್ಟರಿನ ಶಾಫ್ಟುಗಳನ್ನು ಕಾಯಿಸಿ ಗಟ್ಟಿ ಮಾಡಿದ ಮೇಲೆ, ಯಂತ್ರದೊಳಗೆ ಅವುಗಳ ಮೇಲೆ ಸಾಸಿವೆಯಷ್ಟು ಸಣ್ಣ ಉಕ್ಕಿನ ಗುಂಡುಗಳನ್ನು ಹೊಡೆಯುತ್ತಿದ್ದೆವು. ಮೈತುಂಬ ಕುಳಿ ಬಿದ್ದ ಶಾಫ್ಟು ಸುಲಭಕ್ಕೆ ಬಿರುಕು ಬಿಡುವುದಿಲ್ಲ. ಕೊನೆಗೆ ಕುಳಿಗಳ ಅಂಚು ಚುಚ್ಚದಷ್ಟು ಮಾತ್ರ ಹಗುರಾಗಿ ಉಜ್ಜಬೇಕು. ಉಸ್ತುವಾರಿ ನನ್ನದು. ಹನ್ನೊಂದು ನಿಯಮಗಳನ್ನು ನನ್ನ ಕೈಯಾರೆ ಬರೆದು ಗೋಡೆಗೆ ಹಲಗೆ ತೂಗುಹಾಕಿದ್ದೆ.

ಉಜ್ಜುವ ಕೆಲಸಕ್ಕೆ ಮುಳಗುಂದದ ಚಾಚಾ ಬಂದು ನಾಲ್ಕು ದಿನವಾಗಿತ್ತು; ಗುಂಡು ಹೊಡೆದ ಶಾಫ್ಟು ಅವರ ಕೈಗೆ ಬಂದದ್ದು ಅಂದೇ ಮೊದಲು. ಅದುವರೆಗೆ ಅವರು ಹಿತ್ತಾಳೆ ಪಾತ್ರೆಗಳಿಗೆ ಪಾಲಿಶ್ ಮಾಡಿಕೊಂಡಿದ್ದವರು. ಮೊದಲ ವಾರ ಒಂದು ಶಾಫ್ಟು ಕೆಟ್ಟರೂ ಮನೆಗೆ ಕಳಿಸುವುದಾಗಿ ಮಾಲಕರು ಹೇಳಿದ್ದರು.

ಹನ್ನೆರಡೂವರೆಗೆ ಊಟಕ್ಕೆ ಹೋದವನು ಸರಿಯಾಗಿ ಒಂದೂವರೆಗೆ ಬಂದೆ. ಮೇಜಿನ ಮೇಲೆ ಎರಡು ಶಾಫ್ಟು ಥಳಥಳ ಹೊಳೆಯುತ್ತಿದ್ದವು. ಒಂದೂ ಕುಳಿ ಇರಲಿಲ್ಲ.

"ಚಾಚಾ, ಏನ್ ಮಾಡೀರಿ ಇದು?"

"ಮಾರಿ ಮ್ಯಾಲೆ ಸಿಡುಬಿನ ಕಲಿ ಇದ್ದಂಗ ಕಾಣತಿತ್ರಿ ಸಾಹೇಬ್ರ. ಪಾಲಿಶ್ ಬೆಲ್ಟಿಗೆ ಹಿಡದು ಎಲ್ಲಾ ತಗದೆ. ಊಟಾನೂ ಮಾಡಿಲ್ಲ."

"ಆ ಕುಳಿ ಬೀಳ್ಲಿ ಅಂತನ ಮುಂಜಾನಿಂದ ಗುಂಡು ಹೊಡದೇವಿ."

"ಖರೇನ? ಯಾರೋ ಸಿಟ್ಟಿನಾಗ ಕುಟ್ಯಾರ ಅಂತ ತಿಳದಿದ್ದೆ."

ಅಷ್ಟರಲ್ಲಿ ಮಾಲಕರು ಬಂದರು. ಒಂದು ಶಾಫ್ಟನ್ನು ಎತ್ತಿ, ಅದರಲ್ಲಿ ನೋಡುತ್ತ ಮೀಸೆ ತಿದ್ದಿಕೊಂಡರು. "ಭಾರಿ ಆಗೇತಲ್ರಿ. ಎಲ್ಲಾ ಹಿಂಗ ಮಾಡ್ರಿ."

"ಇವೆರಡೂ ಕೆಟ್ಟಾವ್ರಿ," ಎಂದೆ. "ಗಾಡಿಗೆ ಹಾಕಿದ್ರ ಜಲ್ದಿ ಮುರೀತಾವು."

ಅವರ ಬೆರಳು ಮೀಸೆಯಲ್ಲೇ ನಿಂತಿತು. "ಹಂಗಾರ ಚಾಚಾ ಮನಿಗೆ ಹೋಗಬೇಕಾತು."

ಚಾಚಾ ಏಪ್ರನ್ನಿನ ಗಂಟು ಬಿಚ್ಚತೊಡಗಿದರು.

"ನಾ ಎಲ್ಲಾ ಹಲಗಿ ಮ್ಯಾಲೆ ಬರದೀನ್ರಿ," ಎಂದು ನಾನು ಬೆರಳು ತೋರಿಸಿದೆ. ತೋರಿಸಬಾರದಿತ್ತು.

ಮಾಲಕರು ಮೊದಲಿನಿಂದ ಗಟ್ಟಿಯಾಗಿ ಓದಿದರು. "'ಮುಖ ತೊಳೆದುಕೊಂಡು ಕೆಲಸಕ್ಕೆ ನಿಲ್ಲಬೇಕು. ಊಟದ ಡಬ್ಬಿಯನ್ನು ಕಿಟಕಿಯ ಎಡಕ್ಕೆ ಇಡಬೇಕು. ಚಪ್ಪಲಿಯ ಮೂತಿ ಗೋಡೆಯ ಕಡೆ ಇರಬೇಕು.' ಎಷ್ಟ ಉಜ್ಜಬೇಕು ಅಂತ ಎಲ್ಲೈತ್ರಿ?"

ಎರಡು ಸಲ ಮೇಲಿಂದ ಕೆಳಗೆ ಹುಡುಕಿದೆ. ಒಂಬತ್ತನೆಯದರಲ್ಲಿ ಸಿಕ್ಕಿತು: 'ಚೆನ್ನಾಗಿ ಉಜ್ಜಬೇಕು.'

"ಚಲೋನ ಉಜ್ಜ್ಯಾರಲ್ರಿ," ಎಂದರು ಮಾಲಕರು. "ಈಗ ಯಾರನ್ನ ಮನಿಗೆ ಕಳಸ್ಲಿ?"

"ತಪ್ಪು ನಂದ ಐತ್ರಿ."

ಚಾಚಾನ ಗಂಟನ್ನು ನಾನೇ ಮತ್ತೆ ಕಟ್ಟಿದೆ. ಮರುದಿನ ಇಬ್ಬರೂ ಸೇರಿ ಬೇರೆ ಎರಡು ಶಾಫ್ಟು ತಯಾರು ಮಾಡಿದೆವು. ಕೆಟ್ಟವುಗಳಲ್ಲಿ ಒಂದನ್ನು ಮಾಲಕರು ತಮ್ಮ ಮೇಜಿಗೆ ಒಯ್ದರು. ಇನ್ನೊಂದನ್ನು ಚಾಚಾ ನನ್ನ ಮುಂದೆ ಹಿಡಿದು, "ಒಂದನೇ ನಿಯಮ ನೋಡ್ರಿ ಸಾಹೇಬ್ರ," ಎಂದರು.

ನೋಡಿದೆ. ನನ್ನ ಮೂಗಿನ ಮೇಲೆ ಗ್ರೀಸ್ ಇತ್ತು.