ಲಲಿತಮ್ಮನವರ ನಡುಮನೆಯ ಸ್ವಿಚ್ಚು

ನಾನು ಸುಲಭಕ್ಕೆ ನಂಬುವವಳಲ್ಲ. ಕಾಲೇಜಿನಲ್ಲಿದ್ದಾಗ ಹಾಸನದ ಚರ್ಚಾಸ್ಪರ್ಧೆಗಳಲ್ಲಿ ಶಕುನ, ಪವಾಡ ಎಂದು ಬಾಯಿಬಿಟ್ಟ ಎದುರಾಳಿಗಳನ್ನು ಮೂರೇ ಪ್ರಶ್ನೆಗಳಲ್ಲಿ ಕೂರಿಸುತ್ತಿದ್ದೆ. ಯಾರು ನೋಡಿದರು? ಎಷ್ಟು ದೂರದಿಂದ? ಬೇರೆ ಕಾರಣ ಇರಲಿಲ್ಲವೆಂದು ಹೇಗೆ ಗೊತ್ತು? ಈಗ ನಾನೇ ಅಂಥದ್ದೊಂದನ್ನು ಹೇಳಹೊರಟಿದ್ದೇನೆ, ನೀವೂ ಅದನ್ನೇ ಕೇಳಿ. ಮೊದಲೆರಡಕ್ಕೆ ಉತ್ತರವಿದೆ: ನಾನೇ ನೋಡಿದೆ, ಎರಡು ಮಾರು ದೂರದಿಂದ. ಮೂರನೆಯದಕ್ಕೆ ಮೂರು ವರ್ಷದಿಂದ ಹುಡುಕುತ್ತಲೇ ಇದ್ದೇನೆ.

ನಮ್ಮಪ್ಪ ಪುಟ್ಟರಾಜು ಅರಕಲಗೂಡಿನಲ್ಲಿ ಮನೆ ವೈರಿಂಗ್ ಮಾಡುವವರು. ಅವರದೊಂದು ಪದ್ಧತಿಯಿದೆ. ಸ್ವಿಚ್ ಬೋರ್ಡು ಎಲ್ಲಿ ಕೂರಬೇಕೆಂದು ಟೇಪು ಹಿಡಿದು ಅಳೆಯುವುದಿಲ್ಲ. ಮನೆಯಾಕೆಯನ್ನೇ ಕರೆದು, "ಕಣ್ಮುಚ್ಕೊಂಡು ಒಳೀಕ್ ಬನ್ನಿ ಅಮ್ಮಾರೆ, ದೀಪ ಆಕೋಕೆ ಕೈ ಚಾಚಿ" ಎನ್ನುತ್ತಾರೆ. ಅಂಗೈ ಗೋಡೆಗೆ ತಾಕಿದ ಕಡೆ ಪೆನ್ಸಿಲ್ಲಿನ ಗುರುತು, ಬೋರ್ಡು ಅಲ್ಲೇ. ಅಪ್ಪ ವೈರಿಂಗ್ ಮಾಡಿದ ಮನೆಯಲ್ಲಿ ಕತ್ತಲಲ್ಲಿ ಯಾರೂ ಗೋಡೆ ತಡಕುವುದಿಲ್ಲ. ಮಗಳಾಗಿ ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಹೊಳೆನರಸೀಪುರದ ಲಲಿತಮ್ಮನವರ ಮನೆಗೂ, ನಾನು ಹುಟ್ಟುವ ಮೊದಲೇ, ಹೀಗೆಯೇ ಬೋರ್ಡು ಕೂರಿಸಿದ್ದರು. ಆಕೆಯ ಮಗ ಶ್ರೀಧರ ದಿನಾ ಬಸ್ಸಿನಲ್ಲಿ ಹಾಸನಕ್ಕೆ ಕೆಲಸಕ್ಕೆ ಹೋಗಿಬರುವವರು. ಅವರು ಮನೆಗೆಲ್ಲ ಸ್ಮಾರ್ಟ್ ಬಲ್ಬು ಹಾಕಿಸಿದರು. ಈ ಬಲ್ಬಿಗೆ ಯಾವಾಗಲೂ ಕರೆಂಟು ಇರಬೇಕು, ಆಗಲೇ ಅದು ಫೋನಿನ ಮಾತು ಕೇಳುವುದು. ಗೋಡೆಯ ಸ್ವಿಚ್ಚು ಆರಿಸಿದರೆ ಬಲ್ಬು ಸತ್ತಂತೆ, ಫೋನು ಎಷ್ಟು ಕರೆದರೂ ಏಳುವುದಿಲ್ಲ. ಲಲಿತಮ್ಮನವರೋ, ಮುಸ್ಸಂಜೆ ಕೈಕಾಲು ತೊಳೆದು, ಸ್ವಿಚ್ಚು ಒತ್ತಿ, ಹತ್ತಿದ ದೀಪಕ್ಕೆ ಕೈಮುಗಿದು, ಮಲಗುವಾಗ ಆರಿಸುವವರು. ಮಗ ಏನು ಮಾಡಿದರು ಗೊತ್ತೇ? ಗಾಯಕ್ಕೆ ಹಚ್ಚುವ ಪ್ಲಾಸ್ಟರು ತಂದು ಎಲ್ಲ ಸ್ವಿಚ್ಚುಗಳ ಮೇಲೂ ಅಂಟಿಸಿ, "ಮುಟ್ಟಬೇಡಿ" ಎಂದು ಬರೆದರು. ಹಾಸನದ ಬಸ್ಸಿನಿಂದಲೇ ಫೋನಿನಲ್ಲಿ ದೀಪ ಹಾಕುತ್ತಿದ್ದರಂತೆ. ಬಸ್ಸಿನಲ್ಲಿ ನಿದ್ದೆ ಬಂದ ದಿನ ಅಮ್ಮ ಕತ್ತಲಲ್ಲಿ ಕೂತಿರುತ್ತಿದ್ದರು.

ಕೊನೆಗೆ ಶ್ರೀಧರ ಅಪ್ಪನಿಗೆ ಫೋನು ಮಾಡಿದರು. "ಫೋನೂ ನಡೀಬೇಕು, ಸ್ವಿಚ್ಚೂ ನಡೀಬೇಕು. ಇದು ಫ್ಯೂಸ್ ಕಟ್ಟಿದಂಗಲ್ಲ ಪುಟ್ಟರಾಜಣ್ಣ. ಆಗದಿದ್ರೆ ಹೇಳ್ಬಿಡಿ, ಹಾಸನದಿಂದ ಹುಡುಗರನ್ನ ಕರೆಸ್ತೀನಿ." ಆ ವರ್ಷ ಆಗಲೇ ಎರಡು ಮನೆಯವರು, ನಿಮ್ಮದು ಹಳೇ ಕಾಲದ ಕೆಲಸ ಎಂದು ಅಪ್ಪನನ್ನು ಬಿಟ್ಟಿದ್ದರು. ಇದೂ ಹೋದರೆ ಅಪ್ಪ ಇನ್ನು ಇಕ್ಕಳ ಹಿಡಿಯುವುದಿಲ್ಲ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಫೋನಿನ ಕೆಲಸಕ್ಕೆಂದು ನಾನೂ ಜೊತೆಗೆ ಹೊರಟೆ.

ಬಸ್ಸಿನಲ್ಲಿ ವಾದ ಶುರುಮಾಡಿದವಳು ನಾನೇ. "ಸ್ವಿಚ್ಚೇ ಯಾಕಪ್ಪ ಬೇಕು? ಬಾಯಲ್ಲಿ ಹೇಳಿದ್ರೆ ದೀಪ ಹತ್ತುತ್ತೆ."

"ಎಲ್ರೂ ಮಲ್ಗಿರೋವಾಗ ಎದ್ದು ಅರಚ್ಲಾ?"

"ಹಂಗಾದ್ರೆ ಫೋನ್ ತಗೊಂಡು ಒತ್ತು."

"ಕತ್ಲಲ್ಲಿ ಫೋನ್ ಉಡ್ಕೋಕೆ ದೀಪ ಬ್ಯಾಡ್ವೇನವ್ವಾ?"

ಮುಂದಿನ ಸೀಟಿನವರು ನಕ್ಕುಬಿಟ್ಟರು. ಚರ್ಚೆಯಲ್ಲಿ ಗೆದ್ದ ನನ್ನ ಕಪ್ಪುಗಳೆಲ್ಲ ಮನೆಯ ಷೋಕೇಸಿನಲ್ಲಿದ್ದವು, ಸದ್ಯ.

ಕೆಲಸ ಇಷ್ಟೇ. ಸ್ವಿಚ್ಚಿನ ಹಿಂದಿನ ಎರಡು ತಂತಿಗಳನ್ನು ಒಂದಕ್ಕೊಂದು ಸೇರಿಸಿದರೆ ಬಲ್ಬಿಗೆ ಸದಾ ಕರೆಂಟು. ಖಾಲಿಯಾದ ಸ್ವಿಚ್ಚಿಗೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಬ್ಯಾಟರಿ ಡಬ್ಬಿಯೊಂದರ ಎಳೆತಂತಿಗಳನ್ನು ಕೊಡಬೇಕು. ಆಮೇಲೆ ಸ್ವಿಚ್ಚು ಕರೆಂಟು ಕಡಿಯುವುದಿಲ್ಲ, ಡಬ್ಬಿಯ ಮೂಲಕ ಬಲ್ಬಿಗೆ ಸುದ್ದಿ ಕಳಿಸುತ್ತದೆ. ಗೋಡೆ ಒಡೆಯುವಂತಿಲ್ಲ, ಹಳೆಯ ಸ್ವಿಚ್ಚು ಹಳೆಯ ಜಾಗದಲ್ಲೇ. ಅಪ್ಪ ಅರ್ಧ ಗಂಟೆಯಲ್ಲಿ ಇದನ್ನು ಅರಗಿಸಿಕೊಂಡು, ನಾನು ಮುಂದಿನದನ್ನು ಹೇಳುವ ಮೊದಲೇ, "ಡಬ್ಬಿ ಬೋರ್ಡೊಳಗೆ ಇಡಿಯೋ ಅಂಗೆ ವೈರ್ ಮಡಚ್ಬೇಕು, ಕೊಡಿಲ್ಲಿ" ಎಂದರು.

ಮೂರು ಕೋಣೆ ಮುಗಿದವು. ಉಳಿದದ್ದು ನಡುಮನೆ. ತಂತಿ ಸೇರಿಸಿ, ಖಾಲಿ ಸ್ವಿಚ್ಚನ್ನು ಬೋರ್ಡಿಗೆ ಕೂರಿಸಿ, ಅಪ್ಪ ಮೈನ್ ಹಾಕಿದರು. ಬಲ್ಬಿಗೆ ಕರೆಂಟು ಬಂತು, ಆದರೆ ಫೋನಿನಲ್ಲಿ ನಾನು ಹಾಕಿಟ್ಟ ಆದೇಶದಂತೆ ಆರಿಯೇ ಇತ್ತು. ನಡುಮನೆಯ ಡಬ್ಬಿ ನನ್ನ ಮುಂದೆ ಹಾಸಿದ ಪೇಪರಿನ ಮೇಲಿತ್ತು. ಅದನ್ನು ಫೋನಿನ ಮೂಲಕ ಬಲ್ಬಿಗೆ ಪರಿಚಯಿಸಿದ್ದೆ, ಅಷ್ಟೇ. ಎಳೆತಂತಿಗಳ ತುದಿಯ ಪ್ಲಾಸ್ಟಿಕ್ ಇನ್ನೂ ಸುಲಿದಿರಲಿಲ್ಲ. ಅಪ್ಪ ಚೀಲದಲ್ಲಿ ಸಣ್ಣ ಸ್ಕ್ರೂಡ್ರೈವರ್ ಹುಡುಕುತ್ತಿದ್ದರು.

ಅಷ್ಟರಲ್ಲಿ ಹೊತ್ತು ಮುಳುಗಿತು. ಲಲಿತಮ್ಮನವರು ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಬಂದರು. "ಅಮ್ಮಾ, ಇನ್ನೂ..." ಎಂದೆ. ಅವರಿಗೆ ಕೇಳಿಸಲಿಲ್ಲವೋ ಏನೋ. ಉಗುರಿನಿಂದ ಪ್ಲಾಸ್ಟರು ಕಿತ್ತು, ಸ್ವಿಚ್ಚು ಒತ್ತಿದರು.

ದೀಪ ಹತ್ತಿತು.

ಆಕೆ ಕೈಮುಗಿದರು. "ಬಂತಲ್ಲೋ ದೀಪ!" ಎಂದರು, ಯಾರಿಗೂ ಅಲ್ಲ. ಆಗ ತಾನೇ ಬಂದು ಬಾಗಿಲಲ್ಲಿ ಎರಡೂ ಕೈಯಿಂದ ಬೂಟಿನ ದಾರ ಬಿಚ್ಚುತ್ತಿದ್ದ ಶ್ರೀಧರ ತಲೆಯೆತ್ತಿ, "ಶಹಬ್ಬಾಸ್ ಪುಟ್ಟರಾಜಣ್ಣ, ನಾನು ಸೋತೆ!" ಎಂದರು.

ಅಪ್ಪನೂ ನಾನೂ ಪೇಪರಿನ ಮೇಲಿದ್ದ ಡಬ್ಬಿಯನ್ನು ನೋಡುತ್ತಿದ್ದೆವು.

ಯಾವ ದೀಪ ಎಷ್ಟು ಹೊತ್ತಿಗೆ ಎಲ್ಲಿಂದ ಹತ್ತಿತೆಂದು ಫೋನು ಬರೆದಿಟ್ಟುಕೊಳ್ಳುತ್ತದೆ. ತೆಗೆದು ನೋಡಿದೆ. "ನಡುಮನೆ, ಗೋಡೆ ಸ್ವಿಚ್" ಎಂದಿತ್ತು, ಆ ಡಬ್ಬಿಗೆ ನಾನಿಟ್ಟ ಹೆಸರು. ಶ್ರೀಧರನ ಫೋನಿನಿಂದ ಆಗಿದ್ದರೆ ಫೋನ್ ಎಂದಿರುತ್ತಿತ್ತು. ಕರೆಂಟು ಹೋಗಿಬಂದಿರಲಿಲ್ಲ, ಪಕ್ಕದ ಕೋಣೆಯ ಫ್ಯಾನು ತಿರುಗುತ್ತಲೇ ಇತ್ತು. ಡಬ್ಬಿಯ ತಂತಿಗಳು ತಾವಾಗಿ ತಾಕಿರಬಹುದೇ? ಪ್ಲಾಸ್ಟಿಕ್ ಸುಲಿಯದ ತಂತಿ ತಾಕಿದರೇನು, ಬಿಟ್ಟರೇನು! ಡಬ್ಬಿಯನ್ನು ಅಲುಗಿಸಿದೆ, ಕುಟ್ಟಿದೆ, ಲಲಿತಮ್ಮನವರಿಂದ ಮತ್ತೆರಡು ಸಲ ಸ್ವಿಚ್ಚು ಒತ್ತಿಸಿದೆ. ಏನೂ ಆಗಲಿಲ್ಲ. ಉಳಿದದ್ದು ಕಾಕತಾಳೀಯ. ಅದನ್ನು ಎದುರಾಳಿ ಹೇಳಿದ್ದರೆ, ಅದು ಉತ್ತರವಲ್ಲ, ಉತ್ತರ ಗೊತ್ತಿಲ್ಲವೆಂಬುದರ ಇನ್ನೊಂದು ಹೆಸರು ಎಂದು ಹಂಗಿಸಿರುತ್ತಿದ್ದೆ.

ಆದರೆ ನಾನು ಇದನ್ನು ಬರೆಯುತ್ತಿರುವುದು ದೀಪಕ್ಕಾಗಿ ಅಲ್ಲ. ಆ ಕ್ಷಣ ಅಪ್ಪ ಸುಮ್ಮನಿದ್ದರೆ ಸಾಕಿತ್ತು. ಹೊಗಳಿಕೆ ಕಾಲ ಬುಡಕ್ಕೆ ಬಂದಿತ್ತು, ಹೋಗುತ್ತಿದ್ದ ಹೆಸರು ವಾಪಸು ಬಂದಿತ್ತು. ಅಪ್ಪ ಎದ್ದು ನಿಂತು, "ತಡೀರಿ ಸಾ, ಇದು ನಂದಲ್ಲ. ಇನ್ನೂ ವೈರ್ ಕೊಟ್ಟಿಲ್ಲ. ಎಂಗ್ ಅತ್ಕೊಂತೋ ನಂಗೊತ್ತಿಲ್ಲ" ಎಂದರು. ಕೆಲಸ ಕೊಟ್ಟವರ ಎದುರು, ಹೊಸ ಕೆಲಸದಲ್ಲಿ, ನನಗೆ ಗೊತ್ತಿಲ್ಲ ಎನ್ನುವುದಕ್ಕೆ ಎಂಥ ಎದೆ ಬೇಕೆಂದು ನನಗೆ ಗೊತ್ತು. ಅಷ್ಟು ಕಪ್ಪು ಗೆದ್ದ ನಾನು ವೇದಿಕೆಯ ಮೇಲೆ ಒಮ್ಮೆಯೂ ಆ ಮಾತು ಆಡಿದವಳಲ್ಲ.

ಶ್ರೀಧರ ನಕ್ಕು, "ಹತ್ತಿತಲ್ಲ, ಇನ್ನೇನು ಬಿಡಿ" ಎಂದರು. ಅಪ್ಪ ಬಿಡಲಿಲ್ಲ. ಮೈನ್ ಆರಿಸಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಬೋರ್ಡು ಬಿಚ್ಚತೊಡಗಿದರು. ಬೋರ್ಡಿನ ಅಂಚಿನಡಿ, ಸುಣ್ಣದ ಮೇಲೆ, ಅವರೇ ಅಂದು ಎಳೆದ ಪೆನ್ಸಿಲ್ಲಿನ ಗುರುತು ಇನ್ನೂ ಇತ್ತು. ನಾನು ಡಬ್ಬಿ ಕೊಡುತ್ತ, "ತಾನಾಗೇ ಹತ್ತುತ್ತಲ್ಲ, ಮತ್ಯಾಕಪ್ಪ ಇದು?" ಎಂದು ಕೆಣಕಿದೆ.

ಅಪ್ಪ ಟಾರ್ಚು ಕೈಗೆ ತೆಗೆದುಕೊಂಡರು. "ಇವತ್ತಿಂದು ಯಾರು ಅತ್ತಿಸಿದ್ರೋ ಗೊತ್ತಿಲ್ಲ ಕಣವ್ವಾ. ನಾಳೇದು ನಾನೇ ನೋಡ್ಕಬೇಕಲ್ಲ."

ಆ ಸ್ವಿಚ್ಚು ಇವತ್ತಿಗೂ ಕೆಟ್ಟಿಲ್ಲ. ಅಪ್ಪ ತಂತಿ ಕೊಟ್ಟ ಮೇಲಿನ ಪ್ರತಿ ಮುಸ್ಸಂಜೆಯ ದೀಪಕ್ಕೂ ನನ್ನ ಬಳಿ ಕಾರಣವಿದೆ. ಅದರ ಹಿಂದಿನ ಒಂದಕ್ಕೆ ಮಾತ್ರ ಇಲ್ಲ.