ಮೊದಲ ಸ್ನಾನ ಕಾಕುವಿನದು

ಕಾಕುವಿನ ಬಲಗಿವಿಗೆ ಯಾವಾಗಲೂ ಒಂದಿಷ್ಟು ಬಣ್ಣ ಮೆತ್ತಿರುತ್ತಿತ್ತು. ಒಮ್ಮೆ ಬಿಳಿ, ಒಮ್ಮೆ ತಿಳಿಹಸಿರು, ಒಮ್ಮೆ ಬಾಡಿಗೆ ಮನೆಗಳಿಗೆಂದೇ ಹುಟ್ಟಿದಂತಿರುವ ಆ ಅಗ್ಗದ ಗುಲಾಬಿ. ರಿಪೇರಿ ನಡೆದಿರುವ ಮನೆಗೆ ಹೋದರೆ ಬೀಗ ತೆಗೆಯುವ ಮುಂಚೆ ಬಾಗಿಲಿಗೆ ಕಿವಿ ಹಚ್ಚಿ ನಿಲ್ಲುವುದು ಅವರ ರೂಢಿ. ಬಣ್ಣ ಆರಿದೆಯೋ ಇಲ್ಲವೋ ನೋಡುತ್ತಿರಲಿಲ್ಲ. ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

ಪುಣೆಯ ನಿಗಡಿಯಲ್ಲಿ ನಾವು ಹಿಡಿದ ಮೊದಲ ಬಾಡಿಗೆ ಮನೆಯ ಮಾಲಕಿ ಅವರು; ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ ಎಲ್ಲರೂ ಕಾಕು ಎನ್ನುತ್ತಿದ್ದರು. ನಾನು ಆಳಂದದ ಕಡೆಯಿಂದ ಮದುವೆಯಾಗಿ ಬಂದವಳು. ನನ್ನ ಗಂಡನಿಗೆ ಚಿಂಚವಡದ ಒಂದು ಕಾರ್ಖಾನೆಯಲ್ಲಿ ಕೆಲಸ. ಕಾಕು ಇಂಡಿ ತಾಲೂಕಿನವರು. ಗಂಡನ ಜೊತೆ ಪುಣೆಗೆ ಬಂದು, ಕಟ್ಟಡಗಳಲ್ಲಿ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತವರು. ಗಂಡ ಮೇಸ್ತ್ರಿಯಾದ ಮೇಲೆ ಇಬ್ಬರೂ ಸೇರಿ ಹಳೆಯ ಮನೆಯೊಂದನ್ನು ಕೊಂಡು, ನೆಟ್ಟಗೆ ಮಾಡಿ, ಬಾಡಿಗೆಗೆ ಕೊಟ್ಟರು. ಗಂಡ ತೀರಿಕೊಂಡ ಮೇಲೂ ಕಾಕು ಆ ದಂಧೆ ಬಿಡಲಿಲ್ಲ. ಯಾರಿಗೂ ಬೇಡವಾದ, ಗೋಡೆ ಉದುರುವ, ನಳ ಸೋರುವ ಮನೆಗಳನ್ನು ಹುಡುಕುವುದು, ಒಂದನ್ನು ಸರಿಮಾಡಿ ಬಾಡಿಗೆ ಬರತೊಡಗಿದ ಮೇಲೆ ಇನ್ನೊಂದಕ್ಕೆ ಕೈಹಾಕುವುದು.

ಇಷ್ಟೆಲ್ಲ ಮಾಡಿದವರು ಗಟ್ಟಿಗಿತ್ತಿ ಇರಬೇಕೆಂದು ಯಾರಿಗಾದರೂ ಅನಿಸುತ್ತದೆ. ಕಾಕುವಿನಷ್ಟು ಅಂಜುವವರನ್ನು ನಾನು ಈವರೆಗೆ ಕಂಡಿಲ್ಲ. ಲಿಫ್ಟ್ ಹತ್ತುತ್ತಿರಲಿಲ್ಲ. ಗ್ಯಾಲರಿಗೆ, ಅಂದರೆ ಬಾಲ್ಕನಿಗೆ, ಕಾಲಿಡದೆ ಬಾಗಿಲಲ್ಲೇ ನಿಂತು ಕತ್ತು ಚಾಚುತ್ತಿದ್ದರು. ರಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವ ದಿನ ಬೆಳಗಿನಿಂದ ಒಂದು ತುತ್ತೂ ಇಳಿಯುತ್ತಿರಲಿಲ್ಲ. ನಾನೂ ಒಂದು ಮನೆ ಕೊಳ್ಳಬೇಕೆಂದು ಮೊದಲ ಸಲ ಅಂದಾಗ, ನನಗೆ ಹೆದರಿಕೆಯಾಗುತ್ತದೆ ಎಂದೂ ಹೇಳಿದ್ದೆ. ಕಾಕು ನಕ್ಕರು.

"ಅಂಜಿಕಿ ಹೋಗಲಿ ಆಮ್ಯಾಲ ಮಾಡ್ತೀನಿ ಅಂತ ಕುಂತ್ರ ಹಲ್ಲ ಬಿದ್ದ ಹೋಗ್ತಾವ, ಯವ್ವಾ. ಅಂಜಿಕೋತನ ಮಾಡೂದು."

ಹಾಗೆ ಅಂಜುತ್ತಲೇ ವಾಕಡದಲ್ಲಿ ಹಳೆಯ ಫ್ಲಾಟೊಂದನ್ನು ಕೊಂಡೆವು. ಊರಲ್ಲಿ ನನ್ನ ಪಾಲಿಗೆ ಬಂದಿದ್ದ ಜಾಗ ಮಾರಿದ ಹಣ ಒಂದಿಷ್ಟು, ಉಳಿದದ್ದು ಬ್ಯಾಂಕಿನ ಸಾಲ. ಏಜೆಂಟ ತೋರಿಸಿದ ಹೊಳಪಿನ ಮನೆಗಳನ್ನೆಲ್ಲ ಬಿಟ್ಟು, ಅಡುಗೆಮನೆಯ ಟೈಲ್ಸ್ ಕಿತ್ತುಬಂದಿದ್ದ, ಬಚ್ಚಲ ಗೋಡೆಗೆ ಪಾಚಿ ಹಿಡಿದಿದ್ದ ಆ ಮನೆಯನ್ನು ಆರಿಸಿದ್ದು ಕಾಕು. ರಿಪೇರಿಯ ಉಸ್ತುವಾರಿಗೆ ದಿನಾ ನನ್ನ ಜೊತೆ ಬಸ್ಸಿನಲ್ಲಿ ಬರುತ್ತಿದ್ದರು.

ಬೇರೆ ಎಲ್ಲದರಲ್ಲೂ ಗುತ್ತಿಗೆದಾರ ಹೇಳಿದಂತೆ ಒಪ್ಪಿಕೊಂಡ ಕಾಕು ಬಚ್ಚಲಿನ ವಿಷಯದಲ್ಲಿ ಮಾತ್ರ ಜಗಳಕ್ಕೇ ನಿಂತರು. ಗಾಳಿಕಿಂಡಿಯ ಆಚೆ ಪೈಪುಗಳ ಸಂದು ಇದ್ದು ಅಲ್ಲಿಂದ ವಾಸನೆ ಬರುತ್ತದೆ, ಮುಚ್ಚಿಬಿಡೋಣ ಎಂದ ಅವನು. ಕಾಕು ಅದನ್ನು ಇನ್ನೂ ದೊಡ್ಡದು ಮಾಡಿಸಿದರು. ಬಾಗಿಲಿಗೆ ಒಳಗಿನಿಂದ ಚಿಲಕ ಕೂಡದು; ಹೊರಗಿನ ಸೀಳಿನಲ್ಲಿ ನಾಣ್ಯವಿಟ್ಟು ತಿರುಗಿಸಿದರೆ ತೆರೆಯುವಂಥ ಲಾಕೇ ಬೇಕು ಎಂದರು. ನೀರು ಕಾಯಿಸಲು ಕರೆಂಟಿನ ಗೀಸರ್, ಗ್ಯಾಸಿನದು ಬೇಡವೇ ಬೇಡ.

"ಕಾಹೀ ಹೋತ್ ನಾಹೀ, ಕಾಕು," ಏನೂ ಆಗುವುದಿಲ್ಲ ಎಂದು ಅವನು ಮರಾಠಿಯಲ್ಲಿ ನಕ್ಕ.

ಕಾಕು ಮುಖ ತಿರುಗಿಸಿದರು. ಕೆಲಸ ಮುಗಿದ ದಿನ ಚೀಲದಲ್ಲಿ ಟವೆಲ್ಲು, ಸೀರೆ ಹಿಡಿದು ಬಂದು, ಇಲ್ಲಿ ಮೊದಲ ಸ್ನಾನ ತಮ್ಮದೇ ಎಂದಾಗ ನನಗೂ ನಗು ಬಂತು. ಅವರು ನಗಲಿಲ್ಲ. ಖಾಲಿ ಹಾಲಿನಲ್ಲಿ ಹೊಸ ಟೈಲ್ಸಿನ ಮೇಲೆ ಕೂತು ಹೇಳಿದರು.

"ನಮ್ಮ ಎರಡನೇ ಮನ್ಯಾಗ ಒಬ್ಬಾಕಿ ಇದ್ಲು. ನರ್ಸ್ ಕೆಲಸ ಕಲಿಯಾಕ ಲಾತೂರಿಂದ ಬಂದ ಹುಡಿಗಿ. ಸಾಮಾನ ಇಡಾಕ ಜಾಗಾ ಬೇಕಂತ ನಮ್ಮನಿಯವ್ರು ಬಚ್ಚಲ ಕಿಟಕಿ ಮುಚ್ಚಿ ಅಟ್ಟ ಮಾಡಿದ್ರು. ಗ್ಯಾಸಿನ ಗೀಸರ್ ಒಳಗ ಇತ್ತು. ನಳ ಸೋರತದ ಅಂತ ಹೇಳಿದ್ಲು, ನೋಡಾಕ ಹೋದೆ. ಬಾಗಲಾ ಬಡದೆ. ಒಳಗ ನೀರಿನ ಸಪ್ಪಳ ಕೇಳತಿತ್ತು. ಜಳಕಾ ಮಾಡಾಕತ್ಯಾಳ, ಬರ್ಲಿ ಅಂತ ಮೆಟ್ಟಲ ಮ್ಯಾಲ ಕುಂತೆ. ನೀರು ಬೀಳಾಕತ್ತದ ಅಂದ್ರ ಮನಷ್ಯಾರು ಚಲೋ ಅದಾರ ಅಂತ ಅಲ್ಲೇನ? ಭಾಳ ಹೊತ್ತು ಕುಂತೆ, ಯವ್ವಾ."

ಅವರ ಬೆರಳು ಟೈಲ್ಸಿನ ಸಂದಿಯ ಸಿಮೆಂಟನ್ನು ಕೆರೆಯುತ್ತಿತ್ತು. ಆಮೇಲೆ ಅಂದರು: "ವಾಸನಿ ಇಲ್ಲ, ಹೊಗಿ ಇಲ್ಲ. ಬೆಂಕಿ ಖೋಲ್ಯಾಗಿನ ಗಾಳಿ ತಿಂದ ಬಿಡತದಂತ. ನಿದ್ದಿ ಬಂದಂಗ ಬರತದಂತ. ಡಾಕ್ಟರ ಹೇಳಿದ್ರು."

ಪೊಲೀಸರು ಬಂದುಹೋದ ಮೇಲೆ ಆ ಮನೆಯನ್ನು ಮಾರಿಬಿಡು ಎಂದು ನೆಂಟರೆಲ್ಲ ಹೇಳಿದ್ದರಂತೆ. ಕಾಕು ಮಾರಲಿಲ್ಲ. ಬಚ್ಚಲನ್ನು ಪೂರ್ತಿ ಒಡೆಸಿ, ಬೀದಿಯ ಬದಿಗೆ ದೊಡ್ಡ ಕಿಟಕಿ ಇಟ್ಟು ಹೊಸದು ಕಟ್ಟಿಸಿದರು. ಒಂದು ವರ್ಷ ತಾವೇ ಅಲ್ಲಿ ಸಂಸಾರ ಮಾಡಿ, ಆಮೇಲೆ ಬೇರೆಯವರಿಗೆ ಕೊಟ್ಟರು. ಅಂದಿನಿಂದ ಅವರ ಯಾವ ಮನೆಯಲ್ಲೂ ಮೊದಲ ಸ್ನಾನ ಅವರದೇ.

ಅಂದು ನಾನು ಬಚ್ಚಲ ಬಾಗಿಲ ಹೊರಗೆ ಕೂತೆ. ಆಗಾಗ "ಕಾಕೂ" ಎಂದು ಕೂಗಬೇಕು, ಅವರು "ಅದೀನಿ" ಎನ್ನಬೇಕು, ಇದು ಕರಾರು. ಒಮ್ಮೆ ಉತ್ತರ ತಡವಾಯಿತು. ನಾನು ಬಾಗಿಲು ಗುದ್ದಿದೆ. "ಮಾರಿಗೆ ಸಬಕಾರ ಹಚ್ಚೀನಿ, ತಡಿ," ಎಂದು ಒಳಗಿನಿಂದ ಸೋಪಿನ ನೊರೆ ತುಂಬಿದ ಬಾಯಲ್ಲೇ ಬೈದರು. ಆ ಒಂದು ಗಳಿಗೆಯಲ್ಲಿ ಅವರ ಅಂಜಿಕೆ ನನ್ನ ಮೈಯೊಳಗೂ ಇಳಿದಿತ್ತು.

ಫ್ಲಾಟಿಗೆ ತುಮಕೂರಿನ ಕಡೆಯ ಎಳೆಯ ದಂಪತಿ ಬಂದರು. ಗಂಡನಿಗೆ ಹಿಂಜವಡಿಯಲ್ಲಿ ಕೆಲಸ. ಒಳ್ಳೆಯವರು. ಚಳಿಗಾಲ ಶುರುವಾದ ಮೇಲೆ ಹಾಲಿನ ಗೋಡೆಯಲ್ಲಿ ತೇವ ಕಾಣುತ್ತಿದೆ ಎಂದು ಆ ಹುಡುಗಿ ಫೋನು ಮಾಡಿದಳು. ಮರುದಿನ ಬೆಳಿಗ್ಗೆ ಕಾಕುವನ್ನೂ ಕರೆದುಕೊಂಡು ಹೋದೆ.

"ಬನ್ನಿ ಆಂಟಿ, ಕೂತ್ಕೊಳ್ಳಿ. ಅವರು ಸ್ನಾನ ಮಾಡ್ತಿದಾರೆ, ಈಗ ಬರ್ತಾರೆ," ಎಂದಳು ಹುಡುಗಿ.

ಕಾಕು ಕೂರಲಿಲ್ಲ. ಹಾಲಿನ ನಡುವೆ ನಿಂತು ತಲೆ ಓರೆ ಮಾಡಿದರು. ನನಗೆ ನೀರು ಬೀಳುವ ಸದ್ದು ಕೇಳಿಸುತ್ತಿತ್ತು. ಅದರ ಹಿಂದೆ ಭುಸ್ ಎಂದು ಉರಿಯುವ ಇನ್ನೊಂದು ಸದ್ದು.

"ಏನದು ಸಪ್ಪಳ?"

"ಗ್ಯಾಸ್ ಗೀಸರ್ ಆಂಟಿ. ಕರೆಂಟ್ ಬಿಲ್ ತುಂಬಾ ಬರ್ತಿತ್ತು ಅಂತ ಮೊನ್ನೆ ನಾವೇ ಹಾಕಿಸಿಕೊಂಡ್ವಿ."

ಕಾಕುವಿನ ಮುಖ ಸುಣ್ಣದಂತಾಯಿತು. "ಗಾಳಿಕಿಂಡಿ?" ಎಂದರು. ಅವಳಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಕೇಳಿದೆ.

"ಚಳಿ ಬರುತ್ತಲ್ಲ, ಪಾರ್ಸೆಲ್ ಬಾಕ್ಸ್ ಕಟ್ ಮಾಡಿ ಟೇಪ್ ಹಾಕಿದೀವಿ. ಯಾಕೆ ಆಂಟಿ?"

ಅಷ್ಟರಲ್ಲಿ ಕಾಕು ಬಚ್ಚಲ ಬಾಗಿಲು ಬಡಿಯುತ್ತಿದ್ದರು. "ತಮ್ಮಾ! ಓ ತಮ್ಮಾ! ಮಾತಾಡೋ!" ಒಳಗೆ ನೀರು ಬೀಳುತ್ತಲೇ ಇತ್ತು. ಹುಡುಗಿ ಗಂಡನ ಹೆಸರು ಹಿಡಿದು ಕೂಗಿದಳು. ಉತ್ತರವಿಲ್ಲ. ಅವಳು ನನ್ನ ತೋಳು ಹಿಡಿದ ಬಿಗಿಗೆ ಉಗುರು ಚರ್ಮದೊಳಗೆ ಇಳಿಯಿತು. "ಸಿಲಿಂಡರ್ ಬಂದ್ ಮಾಡು!" ಎಂದು ಕಾಕು ನನ್ನತ್ತ ಕಿರುಚಿದರು. ಅದು ಅಡುಗೆಮನೆಯ ಮೂಲೆಯಲ್ಲಿತ್ತು. ಓಡಿ ಹೋಗಿ ತಿರುಗಿಸಿದೆ. ಯಾವ ಕಡೆಗೆ ತಿರುಗಿಸಬೇಕೆಂಬುದೇ ಒಂದು ಕ್ಷಣ ಮರೆತುಹೋಗಿತ್ತು. ಭುಸ್ಸೆನ್ನುವ ಸದ್ದು ನಿಂತಿತು. ನೀರಿನದು ನಿಲ್ಲಲಿಲ್ಲ.

ಲಾಕ್ ತೆಗೆಯಲು ನಾಣ್ಯ ಬೇಕು. ಆ ಮನೆಯಲ್ಲಿ ಒಂದೂ ನಾಣ್ಯವಿರಲಿಲ್ಲ. ಎಲ್ಲ ವ್ಯವಹಾರ ಫೋನಿನಲ್ಲೇ ಮಾಡುವ ಮಕ್ಕಳು. ಹುಡುಗಿ ಡ್ರಾವರುಗಳನ್ನು ಎಳೆದು ಎಳೆದು ಚೆಲ್ಲಾಡಿದಳು. ಕಾಕು ಸೊಂಟದ ಸಂಚಿ ಬಿಚ್ಚಿ, ಅಡಿಕೆ ಚೂರುಗಳನ್ನೆಲ್ಲ ನೆಲಕ್ಕೆ ಸುರಿದು, ಒಂದು ನಾಣ್ಯ ಹೆಕ್ಕಿಕೊಂಡರು. ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ ನಾಣ್ಯ ಸೀಳಿಗೆ ಕೂರದೆ ಬಾಗಿಲ ತುಂಬ ಗೀರಾಡಿತು. ನಾನು ತೆಗೆಯುತ್ತೇನೆ ಎಂದು ಕೈಚಾಚಿದರೆ ಕೊಡಲಿಲ್ಲ. ಎಡಗೈಯಿಂದ ಬಲ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಒತ್ತಿ, ತಿರುಗಿಸಿದರು.

ಬಾಗಿಲು ಅರ್ಧ ತೆರೆದು ನಿಂತಿತು. ಒಳಗೆ ಅವನು ಅಡ್ಡಬಿದ್ದಿದ್ದ. ಮೂವರೂ ಸೇರಿ ತಳ್ಳಿ, ಸಂದಿಯಲ್ಲಿ ತೂರಿ, ತೊಯ್ದ ಆ ದೊಡ್ಡ ದೇಹವನ್ನು ಹೇಗೆ ಹಾಲಿಗೆ ಎಳೆದು ತಂದೆವೋ ನನಗಿಂದಿಗೂ ನೆನಪಾಗುವುದಿಲ್ಲ. ಕಾಕು ತಮ್ಮ ಸೆರಗಿನಿಂದಲೇ ಅವನ ಮೈ ಮುಚ್ಚಿದರು. ನಾನು ಕಿಟಕಿ, ಗ್ಯಾಲರಿ ಬಾಗಿಲು ಎಲ್ಲ ತೆರೆದೆ. ಕಾಕು ಮೊದಲ ಬಾರಿಗೆ ಗ್ಯಾಲರಿಯೊಳಕ್ಕೆ ಕಾಲಿಟ್ಟದ್ದು ಅಂದು. ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಗಾಳಿಗೆ ಎಳೆದುಕೊಂಡು ಹೋದರು. ಎದೆ ಏರುತ್ತಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ಹುಡುಗಿ ಅಳುವುದನ್ನೂ ನಿಲ್ಲಿಸಿ ನೋಡುತ್ತಿದ್ದಳು. ಆಮೇಲೆ ಅವನು ಒಮ್ಮೆ ಕೆಮ್ಮಿದ, ವಾಂತಿ ಮಾಡಿಕೊಂಡ.

ಪಕ್ಕದ ಮನೆಯವರು ಕಾರಿನಲ್ಲಿ ಆಸ್ಪತ್ರೆಗೆ ಒಯ್ದರು. ಅವನು ಉಳಿದುಕೊಂಡ. ಮರುವಾರ ಮನೆಗೂ ಬಂದ.

ಆ ಬೆಳಿಗ್ಗೆ ಅವರು ಹೋದ ಮೇಲೆ ಕಾಕು ಗೋಡೆಗೆ ಒರಗಿ ಕೂತುಬಿಟ್ಟಿದ್ದರು. ಒದ್ದೆ ಸೀರೆ, ಕಟಕಟ ಎನ್ನುವ ಹಲ್ಲು. ಚಹಾ ಮಾಡಿ ಕೊಟ್ಟರೆ ಬಟ್ಟಲು ಹಿಡಿಯಲಾಗಲಿಲ್ಲ; ನಾನೇ ಕುಡಿಸಿದೆ. ನನಗೂ ಸಾಕಾಗಿಹೋಗಿತ್ತು.

"ಕಾಕು, ಈ ಮನಿ ಮಾರಿಬಿಡ್ತೀನ್ರಿ. ನನಗ ಆಗಂಗಿಲ್ಲ. ಇನ್ನೊಬ್ಬರ ಜೀವದ ಹೊಣಿ ನನಗ ಬ್ಯಾಡ್ರಿ."

ಅವರು ಒದ್ದೆ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಮಾರು. ಯಾರ ತಗೋತಾರ?"

"ಯಾರರೆ ತಗೋತಾರ್ರಿ."

"ಅವರು ಅಂಜತಾರೇನ?"

ನಾನು ಖಾಲಿ ಬಟ್ಟಲು ಎತ್ತಿಕೊಂಡೆ.

"ಏನೂ ಆಗಂಗಿಲ್ಲ ಅನ್ನಾವ್ರು ಬರ್ತಾರ. ಕಿಂಡಿ ಮುಚ್ಚತಾರ. ನಿನಗ ಅಂಜಿಕಿ ಗೊತ್ತಾಗೇದ, ನೀನ ಇಟ್ಗೋ. ಬಾಡಿಗಿ ಮನಿ ಅಂಜಾವ್ರ ಕೈಯಾಗ ಇರಬೇಕು."

ಗೋಡೆಯ ತೇವ ನೋಡಬೇಕೆಂದು ಅವರೇ ನೆನಪಿಸಿದರು. ಎದ್ದು ಹೋಗಿ, ಅಂಗೈಯಿಟ್ಟು ನೋಡಿ, ಮೇಲಿನ ಮನೆಯ ಪೈಪು ಎಂದರು.

ಮುಂದಿನ ಜ್ಯೇಷ್ಠದಲ್ಲಿ ಕಾಕು ಹೋದರು. ನಿಗಡಿಯ ಹೆದ್ದಾರಿಯಲ್ಲಿ ಆಷಾಢದ ಯಾತ್ರೆಗೆ ಹೊರಟ ಸಂತರ ಪಲ್ಲಕ್ಕಿ, ಪಾಲಖಿ, ಹಾದುಹೋಗುವ ದಿನ. ಅದರ ಜೊತೆ ಕಾಲ್ನಡಿಗೆಯಲ್ಲಿ ಹೊರಟ ವಾರಕರಿಗಳಿಗೆ ಚಹಾ ಹಂಚುತ್ತಿದ್ದವರು, ಯಾಕೋ ಸುಸ್ತು ಎಂದು ಒಳಗೆ ಹೋಗಿ ಮಲಗಿದರಂತೆ. ಸೊಸೆ ಎಬ್ಬಿಸಲು ಹೋದಾಗ ಆಗಲೇ ತಣ್ಣಗಾಗಿದ್ದರು. ಭಜನೆಯ ಸದ್ದಿನ ನಡುವೆ ಬಂದ ಅವರ ಮಗನ ಫೋನು ನನಗೆ ಅರ್ಥವಾಗಲು ಎರಡು ಸಲ ಕೇಳಬೇಕಾಯಿತು. ಅಂಜಲಿಕ್ಕೂ ಹೊತ್ತು ಸಿಗದೆ ಹೋದರಲ್ಲ ಎಂದು ಸಮಾಧಾನವೂ ಆಯಿತು, ಅದಕ್ಕೇ ಇನ್ನಷ್ಟು ಅಳುವೂ ಬಂತು.

ವಾಕಡದ ಮನೆಯನ್ನು ನಾನು ಮಾರಲಿಲ್ಲ. ತುಮಕೂರಿನವರು ಊರು ಬದಲಿಸಿದರು. ಈಗ ಸಾಸವಡದ ಕಡೆಯ ಹುಡುಗರು ಮೂವರು ಇದ್ದಾರೆ. ಚಳಿ ಬಿದ್ದ ಕೂಡಲೇ ನನಗೆ ಆ ಬಚ್ಚಲು ನೆನಪಾಗುತ್ತದೆ. ಮೊದಲೆಲ್ಲ ಹೇಳದೆ ಕೇಳದೆ ಹೋಗಿ ನಿಲ್ಲುತ್ತಿದ್ದೆ. ಅವರಿಗೆ ಕಿರಿಕಿರಿಯಾಗುತ್ತದೆಂದು ಈಗ ಬೆಳಿಗ್ಗೆ ಫೋನು ಮಾಡುತ್ತೇನೆ. ಕಿಂಡಿ ತೆರೆದಿದೆಯೇ, ಹೊಸದೇನಾದರೂ ಹಾಕಿಸಿದ್ದೀರಾ, ಒಳಗೆ ಯಾರಿದ್ದಾರೆ. ಫೋನನ್ನು ಒಬ್ಬರಿಂದೊಬ್ಬರಿಗೆ ದಾಟಿಸುವುದು, ನಗು ತಡೆಯುವುದು ಎಲ್ಲ ಕೇಳಿಸುತ್ತದೆ.

"ಮಾವಶಿ, ಪುನ್ಹಾ ತುಮ್ಹೀಚ್?" ಎನ್ನುತ್ತಾನೆ ಒಬ್ಬ. ಮತ್ತೆ ನೀವೇನಾ, ಚಿಕ್ಕಮ್ಮಾ ಎಂದು.

ಹೌದಪ್ಪಾ, ಮತ್ತೆ ನಾನೇ ಎಂದು, ಮೂವರ ದನಿಯೂ ಕೇಳಿಸುವವರೆಗೆ ಫೋನು ಇಡುವುದಿಲ್ಲ.