ಮೇಷ್ಟ್ರ ಅಟ್ಯಾಕ್

ಇಂಗ್ಲಿಷ್ ಮೇಷ್ಟ್ರಿಗೆ ‘ಅಟ್ಯಾಕ್’ ಎಂಬ ಕ್ರಿಯಾಪದವೆಂದರೆ ಪಂಚಪ್ರಾಣ. ಅದರ ಅರ್ಥವನ್ನು ಅವರು ಹೇಳುವುದಿಲ್ಲ, ಮಾಡಿಯೇ ತೋರಿಸುತ್ತಾರೆ. ತೋಳು ಮಡಚಿ ನೋಟ್‌ಬುಕ್ಕುಗಳ ರಾಶಿಯ ಮೇಲೆ ಬೀಳುತ್ತಾರೆ, ಊಟದ ಡಬ್ಬಿಯ ಮೇಲೆ ಎರಗುತ್ತಾರೆ, ಕಿಟಕಿಯ ಸರಳು ಕೆರೆದು “ನೋಡ್ರೋ, ತುಕ್ಕು ಕಬ್ಬಿಣಕ್ಕೆ ಅಟ್ಯಾಕ್ ಮಾಡಿದೆ!” ಎನ್ನುತ್ತಾರೆ. “ಸಾರ್, ನಿಮ್ಮ ಕೂದಲಿಗೆ ಅಟ್ಯಾಕ್ ಮಾಡಿದ್ದು ಯಾರು?” ಎಂದು ಹಿಂದಿನ ಬೆಂಚು ಕೇಳಿದರೆ, “ನೀವೇ ಕಣ್ರೋ!” ಎಂದು ಬೋಳುತಲೆ ಸವರಿಕೊಳ್ಳುತ್ತಾರೆ. ಹೊಡೆಯಲು ನುಗ್ಗುವ ಮೊದಲ ಅರ್ಥವನ್ನು ಮಾತ್ರ ಈಗ ಅಭಿನಯಿಸುವುದಿಲ್ಲ. ಹಿಂದೊಮ್ಮೆ ಡಸ್ಟರ್ ಎತ್ತಿ ನುಗ್ಗಿದಾಗ ತರಗತಿಯೆಲ್ಲ ನಕ್ಕಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು, “ಇನ್ಮೇಲೆ ಮಾಡಲ್ಲ ಅಪ್ಪಾ” ಎಂದಿದ್ದಳು. ಅಂದಿನಿಂದ ಮೇಷ್ಟ್ರು ಬೋರ್ಡನ್ನು ಅಂಗಿಯ ತೋಳಿನಿಂದಲೇ ಒರೆಸುತ್ತಾರೆ. ದಿನಾ ಸಂಜೆ ಅವಳ ಮನೆಯ ಬಾಗಿಲು ತಟ್ಟಿ, ಅವಳಪ್ಪನ ಎದುರು ಹತ್ತು ನಿಮಿಷ ಸುಮ್ಮನೆ ಕೂತು ಬರುತ್ತಾರೆ.